ಫೋನಿನ ಮುಂದೆ ಹಾಕಿದ ಎಲೆ

ಚಂದ್ರಮತಿಯ ಕೈಯಲ್ಲಿ ಫೋನು, ಫೋನಿನೊಳಗೆ ತಲ್ಲೂರಿನ ಮನೆ. ಇದಕ್ಕಿಂತ ಅನುಕೂಲ ಇನ್ನೇನು ಬೇಕು ಹೇಳಿ. ಕುವೈತಿನ ಒಂದು ದೊಡ್ಡ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವುದು ಅವಳ ಕೆಲಸ. ಆ ಮನೆಯ ನೆಟ್ಟು ಇವಳಿಗೂ ಧರ್ಮಕ್ಕೆ ಸಿಗುತ್ತಿತ್ತು. ಬೆಳಿಗ್ಗೆ ಒಂದು ಸಲ, ಮುದುಕಿ ಮಲಗಿದಾಗ ಒಂದು ಸಲ, ಸಂಜೆ ಮತ್ತೊಂದು ಸಲ ಮನೆಗೆ ಕರೆ ಮಾಡಿ ಮುಖ ನೋಡುತ್ತಿದ್ದಳು. ತಲ್ಲೂರಿನಲ್ಲಿ ಇವತ್ತು ಎಂತ ಸಾರು, ದನ ಎಷ್ಟು ಹಾಲು ಕೊಟ್ಟಿತು, ಮಗಳು ದೀಕ್ಷಾ ಯಾವ ಪೆನ್ಸಿಲ್ ಕಳೆದುಕೊಂಡಳು, ಎಲ್ಲ ಗೊತ್ತು.

ಅವಳಿಗೆ ಈ ಕೆಲಸ ಕೊಡಿಸಿದ್ದು ಬೈಂದೂರಿನ ಮಂಜಯ್ಯ. ಅವನು ತೊಂಬತ್ತೇಳನೇ ಇಸವಿಯಲ್ಲೇ ಕುವೈತಿಗೆ ಬಂದವನು. ಆಗ ಶುಕ್ರವಾರ ಬಂತೆಂದರೆ ಕಾರ್ಡು ಹಿಡಿದು ಬೂತಿನ ಮುಂದೆ ಸಾಲು ನಿಲ್ಲಬೇಕಿತ್ತಂತೆ. ಅತ್ತ ಬೈಂದೂರಿನ ಎಸ್‌ಟಿಡಿ ಬೂತಿನಲ್ಲಿ ಅವನ ಹೆಂಡತಿ ಕುಸುಮ ಒಳ್ಳೆಯ ಸೀರೆ ಉಟ್ಟು, ಮಲ್ಲಿಗೆ ಮುಡಿದು ಕಾಯುತ್ತಿದ್ದಳಂತೆ. ಲೈನು ಸಿಕ್ಕಿದರೆ ಅರ್ಧ ಹೊತ್ತು ಅಳು, ಉಳಿದರ್ಧ ಕೇಳಿಸುತ್ತಿದೆಯೇ ಎಂದು 'ಕೇಣ್ತಾ, ಕೇಣ್ತಾ' ಎಂಬ ಬೊಬ್ಬೆ. ನೀವೆಲ್ಲ ಪುಣ್ಯ ಮಾಡಿದವರು ಎಂದು ಮಂಜಯ್ಯ ಸಿಕ್ಕಾಗಲೆಲ್ಲ ಹೇಳುತ್ತಿದ್ದ. ಚಂದ್ರಮತಿ ಹೌದೆಂದು ತಲೆ ಆಡಿಸುತ್ತಿದ್ದಳು. ಆದರೆ ಫೋನಿನ ಆಚೆ ಬದಿಯಲ್ಲಿ ಒಳ್ಳೆಯ ಸೀರೆ ಉಟ್ಟು ಕೂತವರು ಅವಳಿಗೆ ಯಾರೂ ಇರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಯಾವಾಗ ಬೇಕಾದರೂ ಸಿಗುವ ಅಮ್ಮನದೂ ಅದೇ ಗತಿ. ದೀಕ್ಷಾ ಮಾತು ಶುರು ಮಾಡುವಾಗಲೇ ಆಚೆ ಮನೆಯ ಮಕ್ಕಳು ಕರೆಯುತ್ತಿದ್ದರು. "ಈಗ್ ಬತ್ತೆ ಅಮ್ಮಾ" ಎಂದು ಫೋನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಓಡಿದರೆ ಮತ್ತೆ ಬರುತ್ತಿರಲಿಲ್ಲ. ಗಂಡ ಪ್ರೇಮಾನಂದ ಹೆದ್ದಾರಿ ಬದಿಯ ತನ್ನ ಅಂಗಡಿಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಬಂದವರಿಗೆ ಸಾಮಾನು ಕಟ್ಟುತ್ತ, ನಡುನಡುವೆ ಹೂಂಗುಡುತ್ತಿದ್ದ. ಚಂದ್ರಮತಿಗೆ ಒಮ್ಮೆ ಮಾಡಿನ ಹಂಚು ಕಾಣುತ್ತಿತ್ತು, ಒಮ್ಮೆ ತಿರುಗುವ ಫ್ಯಾನು. ಆದರೂ ಕರೆ ಕತ್ತರಿಸುತ್ತಿರಲಿಲ್ಲ. ಮನೆಯ ಹಂಚಾದರೂ ಕಾಣುತ್ತದಲ್ಲ ಎಂದು ಕೂರುತ್ತಿದ್ದಳು. ತುಂಬಾ ಬೇಸರವಾಗುತ್ತಿತ್ತು ಅವಳಿಗೆ, ಸುಳ್ಳು ಯಾಕೆ ಹೇಳಬೇಕು.

ಒಬ್ಬರು ಮಾತ್ರ ಫೋನಿನೊಳಗೆ ಬಂದದ್ದೇ ಇಲ್ಲ. ಅವರು ಅತ್ತೆ ಪದ್ದಕ್ಕ. ಅಕ್ಕಿ ಮೂಟೆ ಎತ್ತಲು ಹೋಗಿ ಪ್ರೇಮಾನಂದನ ಬೆನ್ನಿಗೆ ಪೆಟ್ಟಾಗಿ ಅವನು ಆರು ತಿಂಗಳು ಮಲಗಿದಾಗ, ಮನೆ ನಡೆಯಬೇಕಲ್ಲ ಎಂದು ಚಂದ್ರಮತಿ ಹೊರಟಿದ್ದಳು. ಗಂಡಸರು ಹೋಗುವ ಊರಿಗೆ ಹೆಂಗಸು ಹೋಗುವುದೇ ಎಂದು ಪದ್ದಕ್ಕ ಒಂದೇ ಸಲ ಕೇಳಿ ಬಾಯಿಗೆ ಬೀಗ ಹಾಕಿಕೊಂಡರು. ಹೊರಡುವ ದಿನ ಕಾಲಿಗೆ ಬೀಳಲು ಹೋದರೆ ಅತ್ತೆ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದರು. ಕೊಡ ತುಂಬಿ ಹರಿದರೂ ಸೇದುತ್ತಲೇ ಇದ್ದರು, ಮುಖ ತಿರುಗಿಸಲಿಲ್ಲ. ಜೀಪಿನವನು ಹಾರ್ನ್ ಹೊಡೆದ. ಹೋಗಿ ಬರುತ್ತೇನೆ ಎನ್ನುವ 'ಹೋಯ್ ಬತ್ತೆ' ಎಂಬ ಮಾತು ಚಂದ್ರಮತಿಯ ಗಂಟಲಲ್ಲೇ ಉಳಿಯಿತು. ಅಲ್ಲಿಂದ ಮುಂದೆ ಯಾರು ಫೋನು ಹಿಡಿದು ಹತ್ತಿರ ಹೋದರೂ ಪದ್ದಕ್ಕನಿಗೆ ದನದ ಹಟ್ಟಿಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಹೀಗಿರುವಾಗ ಹೊಸ್ತಿನ ದಿನ ಬಂತು. ಹೊಸ ಕದಿರನ್ನು ಗದ್ದೆಯಿಂದ ತಂದು ಬಾಗಿಲಿಗೆ, ಬಾವಿಗೆ, ತೆಂಗಿನ ಮರಕ್ಕೆ ಕಟ್ಟಿ, ನಾಲ್ಕು ಕಾಳು ಹೊಸ ಅಕ್ಕಿಯನ್ನು ಉಗುರಲ್ಲಿ ಸುಲಿದು ಊಟಕ್ಕೆ ಬೆರೆಸುವ ದಿನ ಅದು. ಅವತ್ತು ಎಲೆಯ ಮುಂದೆ ಕೂತ ಕೂಡಲೇ ಕೈ ಹಾಕುವ ಹಾಗಿಲ್ಲ. 'ಹೊಸ್ತ್ ಉಣ್ತೆ' ಎಂದು ಹಿರಿಯರನ್ನು ಕೇಳಬೇಕು, ಅವರು 'ಉಣ್ಣ್' ಅನ್ನಬೇಕು, ಆಮೇಲೆ ತುತ್ತು. ಬ್ರಹ್ಮಾವರದ ತವರಿನಲ್ಲೂ ಹಾಗೇ, ತಲ್ಲೂರಿನಲ್ಲೂ ಹಾಗೇ. ಹೋದ ವರ್ಷ ಚಂದ್ರಮತಿ ಕೇಳಲೂ ಇಲ್ಲ, ಉಣ್ಣಲೂ ಇಲ್ಲ. ಈ ವರ್ಷ ಕೇಳಿಯೇ ಕೇಳುತ್ತೇನೆ ಎಂದು ಹಟ ಹಿಡಿದಳು. ಹಬ್ಬದ ದಿನ, ನೆರೆದ ಮನೆಯಲ್ಲಿ, ಅತ್ತೆ ಎಷ್ಟು ಬಿಗಿದುಕೊಂಡರೂ ಒಂದು 'ಉಣ್ಣ್' ಅನ್ನದೆ ಇರುತ್ತಾರೆಯೇ? ಆ ಒಂದು ಮಾತು ಸಿಕ್ಕಿದರೆ ಸಾಕು, ಇಲ್ಲಿ ಉಳಿದ ದಿನಗಳನ್ನು ಹೇಗಾದರೂ ನೂಕಬಹುದು ಎಂದು ಅವಳ ಲೆಕ್ಕ.

ಊರಿಗೆ ಹೋಗಿದ್ದ ಮಂಜಯ್ಯ ಮರಳುವಾಗ ದೀಕ್ಷಾ ಅವನ ಕೈಯಲ್ಲಿ ಒಂದು ಕಾಗದದ ಪೊಟ್ಟಣ ಕಳಿಸಿದ್ದಳು. ಅದರಲ್ಲಿ ಮನೆ ಗದ್ದೆಯ ಭತ್ತ. ಕದಿರು ಕಟ್ಟುವ ಮೊದಲೇ ಕದ್ದು ಕಿತ್ತದ್ದು, ಅಜ್ಜಿಗೆ ಹೇಳಬೇಡ ಎಂದು ಫೋನಿನಲ್ಲಿ ಪಿಸುಗುಟ್ಟಿದ್ದಳು ಕಳ್ಳಿ.

ಹಬ್ಬದ ದಿನ ಮುದುಕಿಗೆ ಮೈ ಒರೆಸಿ, ಮಾತ್ರೆ ಕೊಟ್ಟು, ಅವಳ ಕಣ್ಣು ಮುಚ್ಚಿದ ಮೇಲೆ ಚಂದ್ರಮತಿ ತನ್ನ ಕೋಣೆಗೆ ಬಂದಳು. ಅನ್ನ, ಒಂದು ಪಲ್ಯ, ಹೆಸರುಬೇಳೆ ಪಾಯಸ ಮುಂಚೆಯೇ ಮಾಡಿಟ್ಟಿದ್ದಳು. ಸುಲಿದ ಹೊಸ ಅಕ್ಕಿಯನ್ನು ಪುಟ್ಟ ಬಟ್ಟಲಲ್ಲಿ ಬೇರೆಯೇ ಇಟ್ಟಳು, ಅಪ್ಪಣೆ ಸಿಕ್ಕಿದ ಮೇಲೆ ಬೆರೆಸಲು. ಮುಖ ತೊಳೆದು, ಕಪಾಟಿನ ಅಡಿಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು ಕರೆ ಮಾಡಿದಳು.

ಅಲ್ಲಿ ಊಟದ ಹೊತ್ತು. ಪ್ರೇಮಾನಂದನಿಗೆ ಅವತ್ತು ಎಲ್ಲಿಲ್ಲದ ಹುರುಪು. ಫೋನನ್ನು ಕೈಯಲ್ಲಿ ಹಿಡಿದು ಕೂತರೆ ಉಣ್ಣುವುದು ಹೇಗೆ ಎಂದು, ಒಂದು ಮಣೆ ತಂದು ಗೋಡೆ ಬುಡದಲ್ಲಿಟ್ಟು, ಅದರ ಮೇಲೆ ಫೋನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ. ಸಾಲಿನಲ್ಲಿ ಅಮ್ಮನಿಗೂ ಜಾಗ ಆಯಿತು ಎಂದು ದೀಕ್ಷಾ ಕುಣಿದಳು. ಜಾಗ ಆದ ಮೇಲೆ ಎಲೆ ಬೇಡವೇ? ಗಂಡನೇ ತುದಿ ಬಾಳೆ ಎಲೆ ಹಾಕಿದ. ಉಪ್ಪು ಬಡಿಸಿದ, ಹರಿವೆ ಪಲ್ಯ ಬಡಿಸಿದ, ಅನ್ನ ಹಾಕಿ ಮೇಲೆ ಪಾಯಸವನ್ನೂ ಬಿಟ್ಟ. ಚಂದ್ರಮತಿ ನಕ್ಕಳು. ಕಣ್ಣಲ್ಲಿ ನೀರು ಬಂತು, ಆದರೂ ನಕ್ಕಳು. ಎಷ್ಟೋ ದಿನದ ಮೇಲೆ ಮನೆಯವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಪದ್ದಕ್ಕ ಪಾತ್ರೆ ಹಿಡಿದು ಅಡುಗೆಮನೆಯಿಂದ ಬಂದರು. ಫೋನು ತಗ್ಗಿನಲ್ಲಿದ್ದುದರಿಂದ ಚಂದ್ರಮತಿಗೆ ಅತ್ತೆಯ ಪಾದ ಮತ್ತು ಸೀರೆಯ ಅಂಚು ಮಾತ್ರ ಕಂಡಿತು. ಪಾದ ಅಲ್ಲೇ ನಿಂತಿತು.

"ಈ ಎಲಿ ಯಾರ್ ಹಾಕ್ದರ್?"

ಪ್ರೇಮಾನಂದ ಏನೋ ತೊದಲಿದ. ಆಗ ಚಂದ್ರಮತಿಗೂ ಹೊಳೆಯಿತು. ಇದೇ ಗೋಡೆ, ಇದೇ ಮಣೆ. ಸತ್ತುಹೋದ ಮಾವನ ಫೋಟೋವನ್ನು ಪ್ರತಿ ವರ್ಷ ತಿಥಿಯ ದಿನ ಇಲ್ಲೇ ಒರಗಿಸಿ, ಮುಂದೆ ಹೀಗೇ ಎಲೆ ಹಾಕಿ, ಅನ್ನದ ಮೇಲೆ ಪಾಯಸ ಬಿಟ್ಟು ಎಡೆ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕಾಯುತ್ತಿದ್ದರು. ಈಗ ಆ ಜಾಗದಲ್ಲಿ ಅವಳ ಮುಖ, ಒಳ್ಳೆಯ ಸೀರೆ ಉಟ್ಟು ನಗುತ್ತ ಕೂತಿದೆ.

"ಬದ್ಕಿಪ್ಪರಿಗೆ ಎಡಿ ಇಡ್ತ್ರಾ ಯಾರಾರೂ?" ಪದ್ದಕ್ಕನ ದನಿ ನಡುಗುತ್ತಿತ್ತು. ಒಂದು ಕೈ ಬಂದು ಎಲೆಯನ್ನು ಮಡಚಿ ಎತ್ತಿತು. ಇದನ್ನು ಕಾಗೆಗೆ ಹಾಕಬಾರದು, ದನಕ್ಕೆ ಕೊಡು ಎಂದು ಮಗನಿಗೆ ಹೇಳಿದ್ದು ಕೇಳಿಸಿತು. ಮತ್ತೆ ಅದೇ ಕೈ ಬಂದು ಫೋನನ್ನು ಕವುಚಿ ಹಾಕಿತು.

ಕತ್ತಲೆ. ಆದರೆ ಕರೆ ಕಡಿದಿರಲಿಲ್ಲ, ದನಿ ಬರುತ್ತಿತ್ತು. ಬಡಿಸುವ ಸದ್ದು, ಲೋಟದ ಸದ್ದು. ಪ್ರೇಮಾನಂದ ತಾಯಿಗೆ, "ಅಬ್ಬೀ, ಹೊಸ್ತ್ ಉಣ್ತೆ" ಅಂದ. "ಉಣ್ಣ್" ಎಂದರು ಪದ್ದಕ್ಕ. ದೀಕ್ಷಾ ಕೇಳಿದಳು. ಅವಳಿಗೂ "ಉಣ್ಣ್ ಮಗಾ" ಸಿಕ್ಕಿತು. ಕವುಚಿದ ಫೋನನ್ನು ಎತ್ತಿ ಇಡಬೇಕೆಂದು ಯಾರಿಗೂ ಧೈರ್ಯವಾಗಲಿಲ್ಲವೋ, ಮರೆತೇಬಿಟ್ಟರೋ. ಚಂದ್ರಮತಿ ಕಪ್ಪು ಪರದೆಯನ್ನು ನೋಡುತ್ತ ಕೂತಳು. ಅಷ್ಟು ಒಂಟಿಯಾಗಿ ಅವಳು ವಿಮಾನ ಇಳಿದ ದಿನವೂ ಇರಲಿಲ್ಲ. ಇವತ್ತು ಬಿಟ್ಟರೆ ಇನ್ನಿಲ್ಲ ಅನ್ನಿಸಿ, ಗಂಟಲು ಸರಿಮಾಡಿಕೊಂಡು ಕತ್ತಲೆಗೇ ಹೇಳಿದಳು.

"ಅತ್ತೀ, ನಾನೂ ಹೊಸ್ತ್ ಉಣ್ತೆ."

ಆಚೆ ಕಡೆ ಯಾರೋ ಎದ್ದರು, ಹೆಜ್ಜೆ ಸದ್ದಾಯಿತು. ಪರದೆ ಬೆಳಗಿತು, ಆದರೆ ಕಂಡದ್ದು ಮುಖ ಅಲ್ಲ, ಒಂದು ಕಿವಿ. ವಿಡಿಯೋ ಗಿಡಿಯೋ ಗೊತ್ತಿಲ್ಲದ ಪದ್ದಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಸುಕ್ಕುಗಟ್ಟಿದ ಕಿವಿ, ಹಳೆಯ ಓಲೆ, ಎರಡು ಬಿಳಿ ಕೂದಲು. ಉಸಿರು ಕೇಳಿಸುತ್ತಿತ್ತು.

"ಉಣ್ಬೇಡ," ಅಂದರು ಪದ್ದಕ್ಕ.

ಚಂದ್ರಮತಿ ಅಕ್ಕಿಯ ಬಟ್ಟಲಿನಿಂದ ಕೈ ಹಿಂದೆ ತೆಗೆದಳು.

"ಒಬ್ಳೇ ಕೂಕಂಡ್ ಹೊಸ್ತ್ ಉಂಬುಕಾಗ. ಮನಿಗ್ ಬಾ. ಬಂದ್ ಎದ್ರ್ ಕೂಕಂಡ್ ಕೇಣ್. ಆಗ ಹೇಳ್ತೆ, ಉಣ್ಣ್ ಅಂದ್."

ಇವಳು ಉತ್ತರ ಹೇಳುವ ಮೊದಲೇ ಕಿವಿ ಸರಿಯಿತು. ಫೋನು ಮಗಳ ಕೈಗೆ ಬಂತು. ಬಾಯಿ ತುಂಬ ಪಾಯಸ ಇಟ್ಟುಕೊಂಡ ದೀಕ್ಷಾ ಅಂಗಳಕ್ಕೆ ಓಡಿ, ತುಳಸಿಕಟ್ಟೆಯ ಹಿಂದೆ ನಿಂತು, ದನಿ ತಗ್ಗಿಸಿದಳು.

"ಅಜ್ಜಿ ಹೊಸ್ತ್ ಉಣ್ಲಿಲ್ಲೆ ಅಮ್ಮಾ. ಹ್ವಾದ್ ವರ್ಷವೂ ಉಣ್ಲಿಲ್ಲೆ. ಹಳೇ ಅಕ್ಕಿ ಗಂಜಿಯೇ ಉಂಡದ್."

ಅಮ್ಮನಿಗೆ ಹೇಳಬಾರದೆಂದು ಅಜ್ಜಿ ಆಣೆ ಹಾಕಿಸಿದ್ದಳಂತೆ. ಮನೆಗೆ ಸೇರಿದವರೆಲ್ಲ ಕೂರದೆ ಹಿರಿಯಳಾದವಳು ಹೇಗೆ ಉಣ್ಣುವುದು ಎಂದಿದ್ದಳಂತೆ. ಮೂರು ಹೊತ್ತೂ ಮನೆ ನೋಡುತ್ತಿದ್ದವಳು ಚಂದ್ರಮತಿ. ಹಂಚು ನೋಡಿದ್ದಳು, ಫ್ಯಾನು ನೋಡಿದ್ದಳು, ದನದ ಹಾಲಿನ ಅಳತೆ ಬಲ್ಲಳು. ಇದನ್ನು ಮಾತ್ರ ಯಾವ ಕರೆಯೂ ಅವಳಿಗೆ ತೋರಿಸಿರಲಿಲ್ಲ.

ಆಚೆ ಮನೆಯ ಮಕ್ಕಳು ಕರೆದರು. ಈಗ ಬತ್ತೆ ಎಂದು ದೀಕ್ಷಾ ಫೋನನ್ನು ತುಳಸಿಕಟ್ಟೆಯ ಮೇಲಿಟ್ಟು ಹೋದಳು. ಪರದೆಯ ತುಂಬ ತಲ್ಲೂರಿನ ಆಕಾಶ, ಒಂದು ಮೂಲೆಯಲ್ಲಿ ತೆಂಗಿನ ಮರಕ್ಕೆ ಕಟ್ಟಿದ ಕದಿರು. ಚಂದ್ರಮತಿ ಬಟ್ಟಲಿನ ಅಕ್ಕಿಯನ್ನು ಮತ್ತೆ ಪೊಟ್ಟಣಕ್ಕೆ ಸುರಿದು ಕಾಗದ ಮಡಚಿದಳು. ಆಚೆ ಕೋಣೆಯಲ್ಲಿ ಮುದುಕಿ ಎಚ್ಚರಗೊಂಡು ಗಂಟೆ ಬಾರಿಸಿದಳು. ಏಳಬೇಕು. ಎದ್ದು ಫೋನಿನ ಹತ್ತಿರ ಬಾಗಿ, ಕೇಳುವವರು ಯಾರೂ ಇಲ್ಲದ ಆ ಅಂಗಳಕ್ಕೆ, "ಹೋಯ್ ಬತ್ತೆ ಅತ್ತೀ," ಎಂದು ಹೇಳಿ, ಕರೆ ಕತ್ತರಿಸದೆ ಕೆಲಸಕ್ಕೆ ಹೋದಳು.