ಮುಂದೆ ಹೋಗದ ಸೈಕಲ್ಲು

ನಾನೊಂದು ಸೈಕಲ್ಲು. ಕರಿ ಬಣ್ಣದ, ಹಿಂದೆ ಅಗಲವಾದ ಕ್ಯಾರಿಯರ್ ಇರುವ, ಹಳೇ ಕಾಲದ ಗಟ್ಟಿ ಸೈಕಲ್ಲು. ಗೇರಿಲ್ಲ ಗೀರಿಲ್ಲ ಅಂತ ಮೂಗು ಮುರೀಬೇಡಿ. ದೂರದ ಓಟದ ವಿಷಯದಲ್ಲಿ ನನ್ನಷ್ಟು ತಿಳಿದವರು ಈ ಚಿತ್ರದುರ್ಗದಲ್ಲಿ ಇನ್ನೊಬ್ಬರಿಲ್ಲ. ಜಂಬ ಅಂತೀರಾ? ಹೌದು, ಜಂಬವೇ. ಪೂರ್ತಿ ಕೇಳಿ, ಆಮೇಲೆ ಮಾತಾಡಿ.

ಹುಟ್ಟಿದ್ದು ಎಲ್ಲೋ ದೂರದ ಕಾರ್ಖಾನೆಯಲ್ಲಿ, ಬಿಡಿಬಿಡಿಯಾಗಿ. ಗೋಣಿತಟ್ಟಿನಲ್ಲಿ ಸುತ್ತಿಸಿಕೊಂಡು ಲಾರಿಯಲ್ಲಿ ಬಂದೆ. ಮೈ ಕೂಡಿದ್ದು ಬಸ್‌ಸ್ಟ್ಯಾಂಡ್ ಹಿಂದಿನ ಸೈಕಲ್ ಶಾಪಿನಲ್ಲಿ. ಕೊನೆಗೆ ಹ್ಯಾಂಡಲಿಗೆ ಬೆಲ್ಲು ಕೂರಿಸಿ ಶಾಪಿನವನು ಒಮ್ಮೆ ಬಾರಿಸಿದ. ಟ್ರಿಣ್! ಆಹಾ, ನನ್ನ ದನಿಗೆ ನಾನೇ ಮರುಳಾದೆ.

ಮೊದಲ ಯಜಮಾನ ಹಾಲಿನ ಓಬಳಪ್ಪ. ಎರಡೂ ಕಡೆ ಕ್ಯಾನು ನೇತುಹಾಕಿಕೊಂಡು ಮೆಲ್ಲಗೆ ತುಳಿಯುತ್ತಿದ್ದ. ನನಗೋ ಹೊಸ ಟೈರಿನ ಬಿಸಿ. ಇಳಿಜಾರು ಕಂಡರೆ ಸಾಕು, ನುಗ್ಗಿಬಿಡುತ್ತಿದ್ದೆ. "ಹಾರಾಡಿದ್ರೆ ಹಾಲು ಚೆಲ್ತೈತೆ ಕಣೋ," ಅಂತ ಬ್ರೇಕು ಹಿಡಿಯುತ್ತಿದ್ದ. ಆಗ ಅವನ ಮೇಲೆ ನನಗೆ ಬಹಳ ಕೋಪ. ಕೆಲವು ವರ್ಷಗಳಾದ ಮೇಲೆ ಅವನು ಮೊಪೆಡ್ ಕೊಂಡ. ನಾನು ಪಿ.ಟಿ. ಮೇಷ್ಟ್ರು ಖಲಂದರ್ ಸಾಹೇಬರ ಪಾಲಾದೆ.

ಮೇಷ್ಟ್ರು ಒಂದು ಕಾಲದಲ್ಲಿ ತಾವೇ ಒಳ್ಳೆಯ ಓಟಗಾರರು. ಮಂಡಿ ಕೈಕೊಟ್ಟ ಮೇಲೆ ಮಕ್ಕಳನ್ನು ಓಡಿಸತೊಡಗಿದರು. ಬೆಳಗಾಗುತ್ತಲೇ ಜೋಗಿಮಟ್ಟಿ ಏರಿನ ಕಡೆ ಹೊರಡುತ್ತಿದ್ದೆವು, ಮಕ್ಕಳು ಮುಂದೆ, ನಾವು ಹಿಂದೆ. ಅವರದೊಂದು ಕಟ್ಟಳೆಯಿತ್ತು. ಸೈಕಲ್ಲು ಓಡುವವರನ್ನು ಎಂದೂ ದಾಟಬಾರದು. ಬೆಲ್ಲು ಹೊಡೆದರೆ 'ನಿಧಾನ' ಅಂತ ಅರ್ಥ. ಬೆಲ್ಲು ಸುಮ್ಮನಿದ್ದರೆ 'ಸರಿ ಇದೆ, ಹೋಗು' ಅಂತ.

ಆಗ ಬಂದವಳು ಬೋರಮ್ಮ. ಕಾಲೇಜು ಸೇರಿ, ಕ್ರೀಡಾ ಹಾಸ್ಟೆಲಿನಲ್ಲಿದ್ದ ಹುಡುಗಿ. ಹೊರಡುವಾಗ ಬಾಣ ಬಿಟ್ಟ ಹಾಗೆ ಹೊರಡುವಳು. ಅರ್ಧ ದಾರಿಯ ಮೋರಿಕಟ್ಟೆ ಬರುತ್ತಲೂ ಉಸಿರು ಕಟ್ಟಿ ಕುಸಿದು ಕೂರುವಳು. ಪಂದ್ಯಗಳಲ್ಲೂ ಅದೇ ಕಥೆ. ಜೊತೆಯವರು 'ಅರ್ಧಮ್ಮ' ಅಂತ ಹೆಸರಿಟ್ಟರು. ಬರುವ ಜಿಲ್ಲಾ ಓಟವನ್ನೂ ನಡುವೆ ಬಿಟ್ಟರೆ ಹಾಸ್ಟೆಲ್ ಖಾಲಿ ಮಾಡಬೇಕು ಅಂತ ವಾರ್ಡನ್ ಹೇಳಿಬಿಟ್ಟರು. ಹಾಸ್ಟೆಲ್ ಬಿಟ್ಟರೆ ಓದೂ ಇಲ್ಲ, ಓಟವೂ ಇಲ್ಲ, ಅಮ್ಮನ ಜೊತೆ ಜಲ್ಲಿ ಕ್ರಷರಿನ ಕೆಲಸ.

"ಸಾರ್, ನೀವು ಮುಂದೆ ಹೋಗಿ ಸಾರ್. ಸೈಕಲ್ ಹಿಡಿಯೋಕೆ ಅಂತ ಓಡ್ತೀನಿ," ಅಂದಳು ಒಂದಿನ, ಕಟ್ಟೆಯ ಮೇಲೆ ಕೂತು ಅಳುತ್ತ.

"ನಾನು ಮುಂದೆ ಹೋದ್ರೆ ನೀನು ನನ್ನ ಓಟ ಓಡ್ತೀಯ ಕಣವ್ವಾ," ಅಂದರು ಮೇಷ್ಟ್ರು. "ನಿಂದು ಓಡು. ನಾವು ಹಿಂದೇನೇ ಇರ್ತೀವಿ, ಎಲ್ಲೂ ಹೋಗಲ್ಲ."

ಅಂದಿನಿಂದ ನನಗೆ ಕೈತುಂಬ ಕೆಲಸ. ಅವಳು ಹಾರಿದಾಗಲೆಲ್ಲ ಟ್ರಿಣ್, ಟ್ರಿಣ್! ಹಾಲು ಚೆಲ್ಲದ ಹಾಗೆ ಹೋಗುವುದು ಹೇಗೆಂದು ಓಬಳಪ್ಪನಿಂದ ಕಲಿತಿದ್ದೆನಲ್ಲ, ಅದನ್ನೇ ಅವಳಿಗೆ ಕಲಿಸಿದೆ. ದಿನ ಕಳೆದಂತೆ ಬೆಲ್ಲು ಕಡಿಮೆಯಾಯಿತು, ಅವಳ ಉಸಿರು ನೆಟ್ಟಗಾಯಿತು.

ಓಟದ ದಿನ ಬಂತು. ದಾರಿ ಅದೇ ಏರು. ಆದರೆ ಓಟ ಶುರುವಾಗುವ ಮೊದಲು ದಾರಿ ನೋಡಿಕೊಂಡು ಬರಲು ಹೋದಾಗ ಮೋರಿಕಟ್ಟೆಯ ಹತ್ತಿರ ಪೊಲೀಸಪ್ಪ ಅಡ್ಡ ಬಂದ. "ಮೇಷ್ಟ್ರೇ, ಇವತ್ತು ಓಡೋರ ಹಿಂದೆ ಸೈಕಲ್ ಬಿಡಂಗಿಲ್ಲ. ಇಲ್ಲೇ ಸ್ಟ್ಯಾಂಡ್ ಹಾಕಿ." ಹಾಕಿದರು. ಅಲ್ಲಿಂದ ಕೆಳಗಿನ ರಸ್ತೆಯೆಲ್ಲ ಕಾಣುತ್ತಿತ್ತು.

ಆಗ ಶುರುವಾಯಿತು ನೋಡಿ ಗಲಾಟೆ. ರಸ್ತೆಯ ಎರಡೂ ಬದಿ ಹಾಲಿನವರು, ಪೇಪರಿನವರು, ಸೊಪ್ಪಿನವರು ಸಾಲಾಗಿ ಸೈಕಲ್ ನಿಲ್ಲಿಸಿಕೊಂಡು ಬೆಲ್ಲು ಬಾರಿಸುತ್ತಿದ್ದಾರೆ! ಎಲ್ಲರನ್ನೂ ಸೇರಿಸಿದವನು ನಮ್ಮ ಓಬಳಪ್ಪ. ದಿನಾ ಬೆಳಗ್ಗೆ ಹುಡುಗಿಯ ಹಿಂದೆ ಬೆಲ್ಲು ಕೇಳಿ ಕೇಳಿ, ಅದು ಹುರುಪು ತುಂಬುವ ಬೆಲ್ಲು ಅಂದುಕೊಂಡುಬಿಟ್ಟಿದ್ದ ಪುಣ್ಯಾತ್ಮ. ಬೋರಮ್ಮ ಒಂದೊಂದು ಬೆಲ್ಲಿಗೂ ನಿಧಾನವಾದಳು. ಹುಡುಗಿಯರೆಲ್ಲ ಅವಳನ್ನು ದಾಟಿ ಹೋದರು.

"ಯಾ ಅಲ್ಲಾ, ಬ್ರೇಕ್ ಹಾಕ್ತಿದ್ದಾರಲ್ಲಪ್ಪಾ ಇವರು!" ಮೇಷ್ಟ್ರು ಕೂಗಿದರು. ಆ ಗದ್ದಲದಲ್ಲಿ ಅವರ ಮಾತು ಯಾರಿಗೆ ಕೇಳಬೇಕು?

ಕಟ್ಟೆಯ ಹತ್ತಿರ ಬಂದಾಗ ಬೋರಮ್ಮ ಎಲ್ಲರಿಗಿಂತ ಹಿಂದೆ. ಕಣ್ಣು ತುಂಬಿತ್ತು. ಕಟ್ಟೆ ನೋಡಿದಳು, ನನ್ನ ಕಡೆ ನೋಡಿದಳು. ಮೇಷ್ಟ್ರು ನನ್ನ ಬೆಲ್ಲಿನ ಮೇಲೆ ಅಂಗೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದು ಅವಳ ಮುಖವನ್ನೇ ನೋಡುತ್ತ ನಿಂತರು. ಊರ ಬೆಲ್ಲುಗಳೆಲ್ಲ ಒದರುತ್ತಿದ್ದವು, ನಾನೊಬ್ಬ ಬಾಯಿ ಮುಚ್ಚಿಕೊಂಡಿದ್ದೆ. ಅವಳಿಗೆ ಅರ್ಥವಾಯಿತು. ಮೂಗು ಒರೆಸಿಕೊಂಡು ನಕ್ಕು, ಕಟ್ಟೆ ದಾಟಿ ಏರು ಹತ್ತಿದಳು.

ಮುಂದಿನದು ನನಗೆ ಕಾಣಲಿಲ್ಲ. ಸ್ಟ್ಯಾಂಡಿನ ಮೇಲೆ ನಿಂತೇ ಕಾದೆ. ಆಮೇಲೆ ಮೇಲಿನಿಂದ ಜನ ಕೂಗುತ್ತ ಇಳಿದರು: "ಅರ್ಧಮ್ಮ ಮುಗಿಸಿದ್ಲು! ಎರಡನೇ ಸ್ಥಾನ!" ಒಬ್ಬಳನ್ನು ಬಿಟ್ಟು ಮೊದಲು ಓಡಿಹೋದವರೆಲ್ಲ ಏರಿನಲ್ಲಿ ಸುಸ್ತಾಗಿ ನಡೆಯುತ್ತಿದ್ದರಂತೆ. ಇವಳಲ್ಲಿ ಉಸಿರು ಇನ್ನೂ ಉಳಿದಿತ್ತಂತೆ.

"ನೋಡಿದ್ರಾ ಮೇಷ್ಟ್ರೇ, ನಮ್ ಬೆಲ್ಲಿಂದಾನೇ ಗೆದ್ದಿದ್ದು!" ಅಂತ ಓಬಳಪ್ಪ ಎದೆಯುಬ್ಬಿಸಿದ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕು, "ಹೌದಪ್ಪಾ, ನಿಮ್ಮ ಬೆಲ್ಲಿಂದಾನೇ," ಅಂದರು. ಬೋರಮ್ಮ ಇಳಿದು ಬಂದು ಪದಕವನ್ನು ನನ್ನ ಹ್ಯಾಂಡಲಿಗೆ ತೂಗುಹಾಕಿದಳು. ಆ ಹೊತ್ತಿನ ನನ್ನ ಹೆಮ್ಮೆಯನ್ನು ಏನಂತ ಹೇಳಲಿ!

ಈಗ ಮೇಷ್ಟ್ರಿಲ್ಲ. ಬೋರಮ್ಮ ಅದೇ ಹಾಸ್ಟೆಲಿನಲ್ಲಿ ಕೋಚು. ನಾನು ವರಾಂಡದಲ್ಲಿ, ಶೂ ಬಿಡುವ ಜಾಗದ ಪಕ್ಕದಲ್ಲಿದ್ದೇನೆ. ಟೈರು ಚಪ್ಪಟೆ, ಸೀಟು ಹರಿದಿದೆ. ಬದುಕಿನಲ್ಲಿ ಒಮ್ಮೆಯೂ ಮುಂದೆ ಹೋಗಲಿಲ್ಲ, ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಗುಜರಿಯವನು ಬಂದಾಗಲೆಲ್ಲ ಬೋರಮ್ಮನೇ ಗದರಿಸಿ ಕಳಿಸುತ್ತಾಳೆ. ಪಂದ್ಯಕ್ಕೆ ಹೊರಡುವ ಮಕ್ಕಳು ನನ್ನ ಬೆಲ್ಲಿನ ಮೇಲೆ ಒಂದು ಗಳಿಗೆ ಅಂಗೈ ಇಟ್ಟು ಹೋಗುವುದು ಇಲ್ಲಿಯ ವಾಡಿಕೆ.

ನಿನ್ನೆ ಒಬ್ಬಳು ಹೊಸ ಹುಡುಗಿ ಬಂದಳು, ಹೋದ ಸಲ ಅರ್ಧ ದಾರಿಯಲ್ಲೇ ಕೂತು ಅತ್ತವಳು. ನನ್ನ ಬೆಲ್ಲಿನ ಮೇಲಿಟ್ಟ ಅಂಗೈ ಬೆವರಿ ಒದ್ದೆಯಾಗಿತ್ತು. ನಾನು ತೆಪ್ಪಗಿದ್ದೆ. ಅವಳು ಓಡಲು ಹೊರಟಳು.