ಆಗಮನಾಭಿಲಾಷಿಗಳು

ಕೆಂಪು ಅಕ್ಷರ ನೀಲಿಯ ಮೇಲೆ ಓಡುತ್ತಿದೆ, ವೆಲ್‌ಕಮ್ ಟು ಅಪ್ಸರಕೊಂಡ, ಓದುವಷ್ಟರಲ್ಲಿ ಅಂಚಿಗೆ ಹೋಗಿ ಮಾಯ, ಮತ್ತೆ ಬಂತು — ತಾನೇ ಓಡಿಸಿದ ಅಕ್ಷರಕ್ಕೆ ಸುಪ್ರಿಯಾಳ ತಲೆಯೇ ತಿರುಗುತ್ತಿದೆ, ಕುಮಟಾದ ಈ ಕಂಪ್ಯೂಟರ್ ಕ್ಲಾಸಿನಲ್ಲಿ ಫ್ಯಾನಿನ ಗಾಳಿ ಮಶೀನಿಗೆ, ಬೆವರು ಮನುಷ್ಯರಿಗೆ, ಇನ್ನೇನು ವೆಂಕಟ್ರಮಣ ಬರುತ್ತಾನೆ, ಅಪ್ಸರಕೊಂಡದಲ್ಲಿ ಲಾಡ್ಜ್ ಕಟ್ಟಿಸಿದವನು, ವೆಬ್‌ಸೈಟು ಅವನಿಗೆ ಒಪ್ಪಿಗೆಯಾದರೆ ನಾಳೆಯಿಂದ ಅವಳಿಗೆ ಇಲ್ಲೇ ಕೆಲಸ, ಆಗದಿದ್ದರೆ ಮನೆ, ಒಲೆ, ನೋಡಲು ಬರುವ ಗಂಡುಗಳಿಗೆ ಚಾ. ಬೆಳಿಗ್ಗೆ ಕ್ಲಾಸು ನಡೆಸುವ ಶ್ರೀಧರ ಸರ್ ನೋಡಿ ಅಂದದ್ದು, ಎಂತ ಮಾರಾಯ್ತಿ ಇದು, ವೆಬ್‌ಸೈಟೋ ಮದುವೆ ಕಾಗದವೋ — ಮದುವೆ ಕಾಗದವೇ ಮತ್ತೆ, ಅಪ್ಪ ದುರ್ಗಪ್ಪ, ಪ್ರೆಸ್ಸಿನಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುವವನು, ಮಗಳಿಗೆ ಇನ್ನೆಂತ ಗೊತ್ತಿರಬೇಕು, ಮೇಲೆ ಗಣಪತಿ, ಎರಡು ಬದಿ ಬಾಳೆಕಂಬ, ಕೆಳಗೆ ಆಗಮನಾಭಿಲಾಷಿಗಳು, ವೆಂಕಟ್ರಮಣನ ತಮ್ಮಂದಿರು, ಭಾವಂದಿರು, ಅವರ ಮಕ್ಕಳು, ಒಬ್ಬರನ್ನು ಬಿಟ್ಟರೂ ಜನ್ಮದ ವೈರ, ಜಲಪಾತ ಮಾತ್ರ ಮೂಲೆಯಲ್ಲಿ ಅಂಚೆಚೀಟಿಯಷ್ಟು. ಸರ್ ಹೇಳಿಕೊಟ್ಟದ್ದು, ಎಲ್ಲರೂ ಒಟ್ಟಿಗೆ ಕೂಗಿದ್ರೆ ಯಾರ ಮಾತೂ ಕೇಳೂದಿಲ್ಲ, ಯಾವುದನ್ನ ಮೊದಲು ಕಾಣಬೇಕೋ ಅದನ್ನ ದೊಡ್ಡ ಮಾಡು, ಸಾಲೆಲ್ಲ ಒಂದೇ ಗೆರೆಗೆ ನಿಲ್ಲಿಸು, ಬಣ್ಣ ಎರಡು ಸಾಕು, ಉಳಿದ ಜಾಗ ಖಾಲಿ ಬಿಡು, ಖಾಲಿ ಬಿಟ್ಟಲ್ಲೇ ಕಣ್ಣು ನಿಲ್ಲೂದು.

ಅದನ್ನು ಇವಳಿಗೆ ಹೇಳಬೇಕೇ — ಮನೆಯಲ್ಲಿ ಲೋಕೇಶಣ್ಣನ ಮದುವೆ, ಮಾಲತಕ್ಕ ಶಿರಾಲಿಯ ಬೇರೆ ಜಾತಿಯ ಹುಡುಗನನ್ನು ಕಟ್ಟಿಕೊಂಡು ಮನೆ ಬಿಟ್ಟ ವರ್ಷವೇ, ಅಮ್ಮ ಹೇಳಿದ್ದು ಅವಳ ಹೆಸರು ಕಾಗದದಲ್ಲಿ ಬಂದ್ರೆ ನಾ ಧಾರೆಗೆ ನಿಲ್ಲೂದಿಲ್ಲ, ಅಪ್ಪ ಪ್ರೆಸ್ಸಿಗೆ ಹೋಗಿ ಜೋಡಿಸಿಟ್ಟ ಅವಳ ಹೆಸರಿನ ಮೊಳೆ ಕಿತ್ತ, ಅಕ್ಕತಂಗಿಯರ ಸಾಲು ಅಚ್ಚಾಗಿ ಬಂದದ್ದು ಮಂಗಲಾ, ಆಮೇಲೆ ಒಂದಿಷ್ಟು ಬಿಳಿ, ಆಮೇಲೆ ಸುಪ್ರಿಯಾ. ಚಪ್ಪರದಡಿ ಕೂತ ಹೆಂಗಸರ ಕಣ್ಣೆಲ್ಲ ಆ ಬಿಳಿಯ ಮೇಲೆ, ಮಾಲತಿ ಎಲ್ಲೆ, ಮಾಲತಿ ಬರ್ಲಿಲ್ವ, ಅಮ್ಮನ ಮುಖ ಸುಟ್ಟ ಬದನೆಕಾಯಿ, ಅಪ್ಪ ಅಂದದ್ದು ಇಷ್ಟೇ, ಮೊಳೆ ಸರಿಸೂಕೆ ಹೊತ್ತಿರಲಿಲ್ಲ.

ಅಳಿಸಿದಳು, ಗಣಪತಿಗೆ ಕೈಮುಗಿದು ಅಳಿಸಿದಳು, ಬಾಳೆಕಂಬ ಹೋಯಿತು, ಭಾವಂದಿರು ಹೋದರು, ಓಡುವ ಅಕ್ಷರ ನಿಂತಿತು, ಜಲಪಾತವನ್ನು ಎಳೆದು ದೊಡ್ಡದು ಮಾಡಿದಳು, ಕೆಳಗೆ ಲಾಡ್ಜಿನ ಹೆಸರು, ಫೋನ್ ನಂಬರ್, ಸುತ್ತ ಬಿಳಿ — ಚಂದ ಕಾಣುತ್ತಿದೆ, ಕಾಣಬಾರದಿತ್ತು ಅನ್ನಿಸುವಷ್ಟು ಚಂದ. ವೆಂಕಟ್ರಮಣ ಯಾವಾಗ ಬಂದು ಬೆನ್ನ ಹಿಂದೆ ನಿಂತನೋ, ನೀರು ಬೀಳೂದು ಲಾಯ್ಕ ಕಾಣ್ತದೆ, ನಂಬರೂ ಕಾಣ್ತದೆ, ಆತು ತಂಗಿ, ಇದೇ ಇರಲಿ, ಸರ್ ಅವಳತ್ತ ನೋಡಿ ತಲೆಯಾಡಿಸುತ್ತಿದ್ದಾರೆ, ಕೆಲಸ ಸಿಕ್ಕಿತು, ಸಿಕ್ಕೇಬಿಟ್ಟಿತು, ವೆಂಕಟ್ರಮಣ ಮತ್ತೆ ಕೇಳುತ್ತಿದ್ದಾನೆ, ಆದ್ರೆ ಇಷ್ಟು ಜಾಗ ಎಂತಕೆ ಖಾಲಿ ಇಟ್ಟದ್ದು, ಇನ್ನೂ ಯಾರದ್ದಾದ್ರೂ ಹೆಸರು ಬರೂದುಂಟಾ. ಇಟ್ಟದ್ದು, ಬಿಟ್ಟದ್ದಲ್ಲ, ಇಟ್ಟದ್ದು. ಪ್ರೆಸ್ಸಿನಲ್ಲಿ ಖಾಲಿ ಜಾಗ ತಾನಾಗಿ ಉಳಿಯುವುದಿಲ್ಲ, ಮೊಳೆ ಕಿತ್ತಲ್ಲಿ ಅಷ್ಟೇ ಅಗಲದ ಅಕ್ಷರವಿಲ್ಲದ ಸೀಸ ತುಂಬದಿದ್ದರೆ ಸಾಲು ಕುಸಿದು ಬೀಳುತ್ತದೆ, ಚಿಕ್ಕಂದಿನಲ್ಲಿ ಅಪ್ಪನ ಮೊಳೆಪೆಟ್ಟಿಗೆಯಿಂದ ಆ ಬೋಳು ತುಂಡುಗಳನ್ನು ಆರಿಸಿ ಕೊಡುತ್ತಿದ್ದವಳು ಇವಳೇ, ಸುಪ್ರಿಯಾ ಎಂಬ ಹೆಸರನ್ನು ಪಕ್ಕಕ್ಕೆ ಸರಿಸುವುದು ಅದಕ್ಕಿಂತ ಹಗುರದ ಕೆಲಸ, ಅಪ್ಪ ಸರಿಸಲಿಲ್ಲ, ಒಂದೊಂದೇ ತುಂಡು ಹೆಕ್ಕಿ, ಮಾಲತಿಯಷ್ಟೇ ಅಗಲಕ್ಕೆ ಜಾಗ ಇಟ್ಟ — ಮಂಗಲಾ, ಆಮೇಲೆ ಬಿಳಿ, ಆಮೇಲೆ ಸುಪ್ರಿಯಾ, ಮಂಗಲಾ, ಆಮೇಲೆ ಬಿಳಿ, ಬಿಳಿ