ದೇವದುರ್ಗದ ಸಂತೆಗೆ ಹೊರಟ ಜೀಪು

ರಾಯಚೂರಿನ ಆ ಗಲ್ಲಿಯಲ್ಲಿ ಹೆಂಗಸೊಬ್ಬಳು ಜೀಪಿನ ಕೆಳಗೆ ಅಂಗಾತ ಮಲಗಿದ್ದನ್ನು ಯಾರೂ ನೋಡಿರಲಿಲ್ಲ. ಅವತ್ತು ನೋಡಿದರು. ಟಿಕೆಟ್ಟೊಂದು ಇರಲಿಲ್ಲ ಅಷ್ಟೇ. ಇದ್ದಿದ್ದರೆ ನಾಹಿದ್‌ಳ ಭಾವ ಸಮೀಉಲ್ಲಾನೇ ಗಲ್ಲಿಯ ಬಾಯಲ್ಲಿ ಕುಳಿತು ಹರಿದು ಕೊಡುತ್ತಿದ್ದ.

ನಾಹಿದ್ ಬಾಂಡೆ ಸಾಮಾನಿನ ವ್ಯಾಪಾರದವಳು. ಗಂಡ ತೀರಿಕೊಂಡ ಮೇಲೆ ಅವನ ಹಳೇ ಜೀಪನ್ನು ತಾನೇ ಓಡಿಸುತ್ತ, ಕೊಡ, ಕೊಳಗ, ಪರಾತ ಹೇರಿಕೊಂಡು ವಾರ ವಾರ ದೇವದುರ್ಗದ ಸಂತೆಗೆ ಹೋಗುತ್ತಿದ್ದಳು. ಅಲ್ಲಿ ಬೇವಿನ ಮರದ ನೆರಳಿನ ಜಾಗ ಅವಳದು. ಸಂತೆಯವರ ಕಟ್ಟಳೆ ಸರಳ: ಎರಡು ವಾರ ಬಾರದಿದ್ದರೆ ಮಾಫಿ, ಮೂರನೆಯ ವಾರವೂ ಹತ್ತು ಗಂಟೆಯೊಳಗೆ ಬಾರದಿದ್ದರೆ ಆ ಜಾಗ ಬೇರೆಯವರ ಪಾಲು.

ಎರಡು ವಾರ ಆಗಲೇ ಹೋಗಿದ್ದವು. ಮೊದಲ ವಾರ ತುಕ್ಕು ತಿಂದ ಡೀಸೆಲ್ ಟಾಕಿ ಸೋರಿ ಜೀಪು ಅರ್ಧ ದಾರಿಯಲ್ಲೇ ನಿಂತಿತು. ಎರಡನೆಯ ವಾರ, ಬೇರೆ ಗಾಡಿ ಕಳಿಸುತ್ತೇನೆ ಎಂದ ಸಮೀಉಲ್ಲಾನ ಗಾಡಿ ಬರಲೇ ಇಲ್ಲ. ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ಬಾಂಡೆಯ ಮೂಟೆಗಳ ಮೇಲೆ ಕುಳಿತ ನಾಹಿದ್‌ಗೆ ಒಂದು ಮಾತು ಚೆನ್ನಾಗಿ ಅರ್ಥವಾಯಿತು: ಚಪ್ಪಲಿ ಮಾರುವ ಭಾವನಿಗೆ ತನ್ನ ಜಾಗ ಬೇಕಾಗಿದೆ. ಅವಳ ಮೈಯೆಲ್ಲ ಉರಿದುಹೋಯಿತು.

ಮಾನ್ವಿಯ ತವರಿಗೆ ಫೋನು ಹೋಯಿತು. ಅವಳ ಅಪ್ಪ ಶಾಮೀದಸಾಬ ನಲವತ್ತು ವರ್ಷ ಜೀಪು ಓಡಿಸಿದವನು. ಮಗಳು ಅವನಿಗೆ ಬೋಲ್ಟು ಬಿಚ್ಚುವ ಪಾನಾ, ಬತ್ತಿ ಹಿಡಿಯುತ್ತಲೇ ಬೆಳೆದವಳು. ಗುಜರಿಯಲ್ಲಿ ಹುಡುಕಿ, ತೂತಿಲ್ಲದ ಹಳೇ ಟಾಕಿಯೊಂದನ್ನು ಬಸ್ಸಿಗೆ ಹಾಕಿ ಕಳಿಸಿದ. ಅದು ಕೈಗೆ ಸಿಕ್ಕಾಗ ಸಂತೆಗೆ ಉಳಿದಿದ್ದು ಒಂದೇ ದಿನ.

ಡ್ರೈವರ್ ಸೀಟು ಎತ್ತಿ, ಅದರಡಿಯ ಹಳೇ ಟಾಕಿ ಬಿಚ್ಚಿ, ಡೀಸೆಲ್ ತರಲು ಹೋಗಿಬಂದು, ಮಾನ್ವಿಯ ಟಾಕಿ ಕೂರಿಸುವಷ್ಟರಲ್ಲಿ ಮಧ್ಯಾಹ್ನ ಹನ್ನೆರಡು. ಜೀಪು ಶುರುವಾಯಿತು. ಗಲ್ಲಿಯ ತುದಿಯವರೆಗೆ ಹೋಗಿ, ನಾಲ್ಕು ಸಲ ಕೆಮ್ಮಿ, ಆರಿಹೋಯಿತು.

"ಹೇಳಿದ್ದಿಲ್ಲೇನು? ಗುಜರಿಗೆ ಹಾಕು, ಮನ್ಯಾಗ ಕೂಡು," ಎಂದ ಸಮೀಉಲ್ಲಾ.

ನಾಹಿದ್ ಟಾಕಿಯ ತಳದ ಬೋಲ್ಟು ಸಡಿಲಿಸಿ ಗಾಜಿನ ಬಾಟಲಿ ಹಿಡಿದಳು. ಎರಡೇ ನಿಮಿಷದಲ್ಲಿ ಡೀಸೆಲ್ ಮೇಲೆ ನಿಂತಿತು, ಕೆಳಗೆ ಎರಡು ಬೆರಳು ನೀರು.

"ಟಾಕ್ಯಾಗ ನೀರು ಹಾಕಿದವರು ಯಾರು?"

"ನಾನೇ," ಎಂದಳು ಅತ್ತೆ ಕುಬ್ರಾ ಬೇಗಂ, ಕಟ್ಟೆಯ ಮೇಲಿಂದ ಕದಲದೆ. "ನೀ ಡೀಸೆಲ್ ತರಾಕ ಹೋದಾಗ ಹುಣಸಿಹಣ್ಣು ಹಾಕಿ ಕುಲುಕಿ ತೊಳದೀನಿ. ಮನಿಗೆ ಬಂದ ಬಾಂಡಿ ತೊಳೀದ ಯಾರರ ತುಂಬ್ತಾರೇನು?"

ಗಲ್ಲಿ ಬಿದ್ದು ಬಿದ್ದು ನಕ್ಕಿತು. ನಾಹಿದ್‌ಗೆ ನಗು ಬರಲಿಲ್ಲ. ಅತ್ತೆಯ ಮೇಲೆ ಕೂಗಾಡಬೇಕೆನಿಸಿತು, ಅಳಬೇಕೆನಿಸಿತು, ಆದರೆ ಎರಡಕ್ಕೂ ಪುರುಸೊತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು ಮತ್ತೆ ಸೀಟಿನ ಬೋಲ್ಟಿಗೆ ಪಾನಾ ಹಾಕಿದಳು.

"ಸಾಕು ಮಾಡು ನಾಹಿದ್. ಮಂದಿ ನೋಡಾಕತ್ತಾರ," ಎಂದ ಸಮೀಉಲ್ಲಾ.

"ನೋಡ್ಲಿ ಬಿಡ್ರಿ ಭಾಯಿ. ಟಾಕಿ ಹೆಂಗ ಬಿಚ್ಚತಾರ ಅಂತ ಅವರಿಗೂ ತಿಳೀಲಿ."

ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಜಾತಿಯಲ್ಲ ಕುಬ್ರಾ ಬೇಗಂ. ಆದರೆ ಖಾಲಿಯಾದ ಟಾಕಿಯನ್ನು ಸೊಸೆಯೊಡನೆ ತಾನೂ ಹಿಡಿದು ಮಾಳಿಗೆಗೆ ಏರಿಸಿದಳು. ಊರಿನವರೆಲ್ಲ ಬೈದುಕೊಳ್ಳುವ ರಾಯಚೂರಿನ ಬಿಸಿಲು ಅವತ್ತು ಕೆಲಸಕ್ಕೆ ಬಂತು. ಸಂಡಿಗೆ ಕಾಯುವವರ ಹಾಗೆ ಅತ್ತೆ ಟಾಕಿಯ ಪಕ್ಕದಲ್ಲೇ ಕುಳಿತು, ಆಗಾಗ ಅದರ ಮಗ್ಗುಲು ಬದಲಿಸುತ್ತ, ಬಾಯಿಗೆ ಕೈಹಾಕಿ ಪಸೆ ನೋಡುತ್ತ ಸಂಜೆ ಐದು ಗಂಟೆ ಮಾಡಿದಳು. ಕೆಳಗೆ ನಾಹಿದ್ ಪೈಪು ಊದಿ ಸ್ವಚ್ಛ ಮಾಡಿ, ಹೊಸ ಫಿಲ್ಟರ್ ಹಾಕಿದಳು.

ಟಾಕಿ ಮತ್ತೆ ಕೂತಿತು. ಸೋಸಿದ ಡೀಸೆಲ್ ಬಿತ್ತು. ಪೈಪಿನೊಳಗಿನ ಗಾಳಿ ಹೋಗುವವರೆಗೆ ನಾಹಿದ್ ಕೈಪಂಪು ಒತ್ತಿದಳು. ಹೆಬ್ಬೆರಳಿಗೆ ಬೊಬ್ಬೆ ಬಂದರೂ ಬಿಡಲಿಲ್ಲ. ಗುಳ್ಳೆ ನಿಂತು ಬರೀ ಡೀಸೆಲ್ ಹರಿದ ಮೇಲೆ ಕೀಲಿ ತಿರುಗಿಸಿದಳು. ಈ ಸಲ ಜೀಪು ಕೆಮ್ಮಲಿಲ್ಲ. ಅವಳು ಗಲ್ಲಿಯನ್ನು ಮೂರು ಸಲ ಸುತ್ತಿದಳು. ಎರಡು ಸಲ ಪರೀಕ್ಷೆಗೆ, ಒಂದು ಸಲ ಭಾವನಿಗೆ ಕೇಳಲಿ ಎಂದು.

ಮರುದಿನ ಬೆಳಿಗ್ಗೆ ಹೊರಡುವಾಗ ಕುಬ್ರಾ ಬೇಗಂ ಬುರ್ಖಾ ತೊಟ್ಟು, ಯಾರೂ ಕರೆಯದೆಯೇ ಮುಂದಿನ ಸೀಟು ಹತ್ತಿದಳು. ದೇವದುರ್ಗ ಮುಟ್ಟಿದಾಗ ಒಂಬತ್ತೂವರೆ.

ಬೇವಿನ ಮರದ ಕೆಳಗೆ ಸಮೀಉಲ್ಲಾ ತಾಡಪತ್ರಿ ಹಾಸಿ ಚಪ್ಪಲಿ ಜೋಡಿಸಿಟ್ಟಿದ್ದ. ನಾಹಿದ್ ಜೀಪನ್ನು ಹಿಂದಕ್ಕೆ ತಂದು, ಗಾಲಿ ತಾಡಪತ್ರಿಯ ಅಂಚಿಗೆ ತಾಗುವ ಹಾಗೆ ನಿಲ್ಲಿಸಿ ಕೆಳಗಿಳಿದಳು. ಸುತ್ತಲಿನ ಅಂಗಡಿಯವರೆಲ್ಲ ಕೈಕೆಲಸ ಬಿಟ್ಟು ನೋಡಿದರು.

"ಇನ್ನೂ ಹತ್ತು ಆಗಿಲ್ಲ ಭಾಯಿ. ಇದು ನನ್ನ ಜಾಗ."

ಸಮೀಉಲ್ಲಾ ತಾಯಿಯ ಮುಖ ನೋಡಿದ. ತಾಯಿ ಮಗನ ಕಡೆ ತಿರುಗದೆ ಮೊದಲ ಮೂಟೆಯ ಗಂಟು ಬಿಚ್ಚತೊಡಗಿದ್ದಳು. ಅವನು ಒಂದೊಂದೇ ಚಪ್ಪಲಿ ಚೀಲಕ್ಕೆ ತುಂಬಿದ.

"ಇವತ್ತೇನೋ ಬಂದಿ," ಎಂದ ಗೊಣಗುತ್ತ. "ಮುಂದಿನ ವಾರ ಮತ್ತ ಕೆಟ್ಟು ನಿಂತರ?"

"ಮತ್ತ ಬಿಚ್ಚತೀನಿ," ಎಂದಳು ನಾಹಿದ್. ಪಕ್ಕದ ಗೂಗಲ್ ಹಳ್ಳಿಯಿಂದ ಬಂದ ಹೆಂಗಸೊಬ್ಬಳು ಕೊಡದ ಬೆಲೆ ಕೇಳುತ್ತ ನಿಂತಿದ್ದಳು.